ಸೌರಜ್ವಾಲೆಯಲ್ಲಿ ಬೆಂಕಿಯೇ ಇಲ್ಲ

ತಪ್ಪು ಕಲ್ಪನೆ: ಸೂರ್ಯನ ಒಡಲ ಬೆಂಕಿ ಆಗಾಗ ಹೊರಕ್ಕೆ ಉಕ್ಕುತ್ತದೆ, ಅದೇ ಸೌರಜ್ವಾಲೆ.

ಸತ್ಯ: ಸೂರ್ಯನಲ್ಲಿ ಬೆಂಕಿ ಎಂಬುದಿಲ್ಲ. ಗರ್ಭದಲ್ಲಿ ಪರಮಾಣು ಸಮ್ಮಿಲನದಿಂದ ಹುಟ್ಟಿದ ಶಕ್ತಿ ಮೇಲ್ಮೈಗೆ ಬರಲು ಸಾವಿರಾರು ವರ್ಷ ಬೇಕು. ನಿಮಿಷಗಳಲ್ಲಿ ಭುಗಿಲೇಳುವ ಜ್ವಾಲೆಗೆ ಅದು ನೇರ ಕಾರಣವಾಗಲಾರದು. ಜ್ವಾಲೆಯ ಬಂಡವಾಳವೆಲ್ಲ ಸೂರ್ಯಕಲೆಗಳ ಮೇಲೆ ಕಮಾನು ಕಟ್ಟಿದ ಕಾಂತಕ್ಷೇತ್ರದಲ್ಲಿದೆ. ಕಲೆಗಳಲ್ಲಿ ಅದು ಭೂಮಿಯ ಕಾಂತಕ್ಷೇತ್ರಕ್ಕಿಂತ ಸಾವಿರಾರು ಪಟ್ಟು ಪ್ರಬಲ. ಕೆಳಗೆ ಹೊರಳಾಡುವ ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಕಣಗಳ ಕಾದ ಅನಿಲ, ಕಮಾನುಗಳ ಬುಡವನ್ನು ತಿರುಚುತ್ತಲೇ ಇರುತ್ತದೆ. ದಿನಗಟ್ಟಲೆ ಶಕ್ತಿ ಕೂಡುತ್ತದೆ. ಕೊನೆಗೆ ವಿರುದ್ಧ ದಿಕ್ಕಿನ ಬಲರೇಖೆಗಳು ತೆಳು ಪದರವೊಂದರಲ್ಲಿ ಒತ್ತೊತ್ತಾಗಿ ಎದುರಾದಾಗ ಜೋಡಿ ಬದಲಾಗುತ್ತದೆ: ಇದರ ಅರ್ಧ ಅದಕ್ಕೆ, ಅದರ ಅರ್ಧ ಇದಕ್ಕೆ. ಇದೇ ಕಾಂತೀಯ ಮರುಜೋಡಣೆ. ಚೂಪಾಗಿ ಬಾಗಿದ ಹೊಸ ರೇಖೆಗಳು ಎಳೆದುಬಿಟ್ಟ ರಬ್ಬರಿನಂತೆ ನೆಟ್ಟಗಾಗುತ್ತಾ ಪ್ಲಾಸ್ಮಾವನ್ನು ಎರಡೂ ಬದಿಗೆ ಎಸೆಯುತ್ತವೆ.

ತಪ್ಪು ಕಲ್ಪನೆ: ಬಲರೇಖೆಗಳು ಪಟ್ಟನೆ ತುಂಡಾಗಿ ಸ್ಫೋಟವಾಗುತ್ತದೆ.

ಸತ್ಯ: ತುಂಡಾಗಲು ಅಲ್ಲಿ ದಾರವೇನೂ ಇಲ್ಲ, ರೇಖೆಗಳು ನಾವು ಎಳೆದುಕೊಂಡ ಚಿತ್ರ. ಪ್ಲಾಸ್ಮಾ ಸಾಮಾನ್ಯವಾಗಿ ಕಾಂತಕ್ಷೇತ್ರವನ್ನು ತನ್ನೊಂದಿಗೇ ಹೊತ್ತೊಯ್ಯುತ್ತದೆ, ಆ ತೆಳು ಪದರದಲ್ಲಿ ಮಾತ್ರ ಈ ಬಂಧ ಸಡಿಲುತ್ತದೆ. ಮರುಜೋಡಣೆ ಎಷ್ಟು ಬೇಗ ನಡೆಯುತ್ತದೆ ಎಂಬುದೇ ದೊಡ್ಡ ತಲೆನೋವಾಗಿತ್ತು. 1950ರ ದಶಕದಲ್ಲಿ ವಿಜ್ಞಾನಿಗಳಾದ ಸ್ವೀಟ್ ಮತ್ತು ಪಾರ್ಕರ್ ಹಾಕಿದ ಲೆಕ್ಕದಲ್ಲಿ ಇದಕ್ಕೆ ತಿಂಗಳುಗಳೇ ಬೇಕಿತ್ತು. ಸೂರ್ಯನಿಗೆ ಅಷ್ಟು ತಾಳ್ಮೆಯಿಲ್ಲ! 1964ರಲ್ಲಿ ಪೆಟ್‌ಶೆಕ್ ವೇಗದ ದಾರಿಯೊಂದನ್ನು ಸೂಚಿಸಿದರು; ಉದ್ದನೆಯ ಪದರ ತಾನೇ ಚೂರುಚೂರಾಗಿ ಕೆಲಸ ಚುರುಕಾಗುತ್ತದೆ ಎಂಬುದು ನಂತರದ ತಿಳಿವಳಿಕೆ.

ತಪ್ಪು ಕಲ್ಪನೆ: ಜ್ವಾಲೆ ಭೂಮಿಗೆ ಬಡಿದು ಕರೆಂಟು ಹೋಗುತ್ತದೆ.

ಸತ್ಯ: ಜ್ವಾಲೆಯ ಎಕ್ಸ್‌ಕಿರಣಗಳು ಎಂಟು ನಿಮಿಷದಲ್ಲಿ ತಲುಪಿ, ಹಗಲಿರುವ ಕಡೆ ಶಾರ್ಟ್‌ವೇವ್ ರೇಡಿಯೊ ಕೆಡಿಸಬಹುದು, ಅಷ್ಟೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಕತ್ತಲಾದದ್ದು ಸಿಎಂಇ ದೆಸೆಯಿಂದ, ಅಂದರೆ ಸೂರ್ಯನ ಹೊರ ವಾತಾವರಣವಾದ ಕರೋನಾದಿಂದ ಚಿಮ್ಮಿ ಬಂದ ಪ್ಲಾಸ್ಮಾ ಮೋಡದಿಂದ. ದೊಡ್ಡ ಜ್ವಾಲೆಗಳ ಜೊತೆ ಇದು ಹೆಚ್ಚಾಗಿ ಬರುತ್ತದೆ, ಆದರೆ ಬರಲೇಬೇಕೆಂದಿಲ್ಲ. 2014ರ ಅಕ್ಟೋಬರ್‌ನಲ್ಲಿ 12192 ಎಂಬ ದೈತ್ಯ ಕಲೆಗುಂಪು ಅತಿ ಪ್ರಬಲವಾದ ಎಕ್ಸ್ ದರ್ಜೆಯ ಜ್ವಾಲೆಗಳನ್ನು ಸಾಲುಸಾಲಾಗಿ ಎಬ್ಬಿಸಿದರೂ ದೊಡ್ಡ ಸಿಎಂಇ ಹೊರಡಲಿಲ್ಲ.

ಮರುಜೋಡಣೆ ಬರೀ ಕಾಗದದ ಮೇಲಿನ ಸಿದ್ಧಾಂತ ಎನ್ನುವವರೂ ಇದ್ದಾರೆ. ಆದರೆ 1992ರ ಜನವರಿ 13ರ ಜ್ವಾಲೆಯಲ್ಲಿ ಜಪಾನಿನ ಯೋಹ್‌ಕೋ ಉಪಗ್ರಹ ಕಮಾನಿನ ನೆತ್ತಿಗಿಂತಲೂ ಮೇಲೆ ತೀವ್ರ ಎಕ್ಸ್‌ಕಿರಣದ ಚುಕ್ಕೆಯೊಂದನ್ನು ಕಂಡಿತು. ಶಕ್ತಿ ಬಿಡುಗಡೆಯಾಗುವುದು ಕಮಾನಿನ ಒಳಗಲ್ಲ, ಅದರ ಮೇಲುಗಡೆ ಎಂಬುದಕ್ಕೆ ಅದು ಬಲವಾದ ಸುಳಿವು. ಈಗ ಭಾರತದ ಆದಿತ್ಯ-ಎಲ್1 ನೌಕೆಯಲ್ಲಿ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ ಕಟ್ಟಿದ ಎರಡು ಎಕ್ಸ್‌ಕಿರಣ ಉಪಕರಣಗಳಿವೆ. ಒಂದು ಹೆಚ್ಚು ಶಕ್ತಿಯ ‘ಕಠಿಣ’ ಕಿರಣಕ್ಕೆ, ಇನ್ನೊಂದು ಕಡಿಮೆ ಶಕ್ತಿಯ ‘ಮೃದು’ ಕಿರಣಕ್ಕೆ. ಎರಡರ ಗ್ರಾಫನ್ನೂ ಜೋಡಿಸಿಟ್ಟರೆ ಸಾಮಾನ್ಯವಾಗಿ ಕಾಣುವ ಕ್ರಮ ಇದು: ಮರುಜೋಡಣೆಯಿಂದ ವೇಗ ಪಡೆದು ಕೆಳಗೆ ಧುಮುಕುವ ಎಲೆಕ್ಟ್ರಾನುಗಳ ಕಠಿಣ ಎಕ್ಸ್‌ಕಿರಣ ಮೊದಲು ಮುಳ್ಳುಮುಳ್ಳಾಗಿ ಏಳುತ್ತದೆ; ಕಾದ ಪ್ಲಾಸ್ಮಾ ಕಮಾನಿಗೆ ತುಂಬಿಕೊಂಡಂತೆ ಮೃದು ಎಕ್ಸ್‌ಕಿರಣ ಹಿಂದಿನಿಂದ ನಿಧಾನವಾಗಿ ಏರುತ್ತದೆ.