ಕಿನ್ಷಾಸಾದ ಸಂಜೆಯ ತಾಲೀಮು

ಪಿಟೀಲು ಕಲಿತವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ನಾಲ್ಕು ತಂತಿಗಳಲ್ಲಿ ಮೊದಲು ಕಡಿಯುವುದು ಅತ್ಯಂತ ತೆಳ್ಳನೆಯದು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆದರೆ ವಾದ್ಯದ ಅಂಗಡಿಗೆ ಹೋಗಿ ಇನ್ನೊಂದು ತಂದು ಕಟ್ಟಿಕೊಳ್ಳಬಹುದು. ಕಾಂಗೋ ದೇಶದ ರಾಜಧಾನಿ ಕಿನ್ಷಾಸಾದಲ್ಲಿ 1990ರ ದಶಕದಲ್ಲಿ ಪಿಟೀಲು ಹಿಡಿದವರಿಗೆ ಆ ಅನುಕೂಲ ಇರಲಿಲ್ಲ. ಅವರು ಸೈಕಲ್ಲಿನ ಬ್ರೇಕ್ ತಂತಿಗೆ ಕೈಹಾಕಿದರು. ಬ್ರೇಕ್ ತಂತಿ ಎಂದರೆ ಒಂಟಿ ತಂತಿಯಲ್ಲ, ಹಲವು ಎಳೆಗಳನ್ನು ಹೊಸೆದ ಹುರಿ. ಅದನ್ನು ಬಿಚ್ಚಿ, ಒಂದು ಎಳೆ ತೆಗೆದು, ಬಿರಡೆಗೆ ಸುತ್ತಿ, ಕುದುರೆಯ ಮೇಲೆ ಎಳೆದು ಕಟ್ಟಿ ಶ್ರುತಿ ಮಾಡಿಕೊಂಡರು. ಅಂಥ ವಾದ್ಯಗಳನ್ನು ಹಿಡಿದುಕೊಂಡೇ ಅವರು ಬೀಥೋವನ್‌ನ ಒಂಬತ್ತನೆಯ ಸಿಂಫನಿಯವರೆಗೆ ನಡೆದರು.

ನಮ್ಮ ಊರುಗಳಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಪೆಂಡಾಲಿನ ಮುಂದೆ ಚಿತ್ರಗೀತೆ ಹಾಡುವ ತಂಡ. ಇದು ಆ ಅರ್ಥದ್ದಲ್ಲ. ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬಾಸ್, ಕೊಳಲು, ಕಹಳೆ, ನಗಾರಿಗಳ ದೊಡ್ಡ ಸಮೂಹವೊಂದು ಬರೆದಿಟ್ಟ ಸ್ವರಲಿಪಿಯನ್ನು ನೋಡಿಕೊಂಡು, ಒಬ್ಬ ನಿರ್ದೇಶಕನ ಕೈಸನ್ನೆಗೆ ಏಕಕಾಲದಲ್ಲಿ ನುಡಿಸುವ ಸಿಂಫನಿ ಆರ್ಕೆಸ್ಟ್ರಾ. ಕಿನ್ಷಾಸಾದ ತಂಡದ ಹೆಸರು ‘ಆರ್ಕೆಸ್ಟ್ರ್ ಸಿಂಫೋನಿಕ್ ಕಿಂಬಾಂಗಿಸ್ತ್’. ಶುರುವಾದದ್ದು 1994ರಲ್ಲಿ. ವಾದಕರು, ಗಾಯಕರು ಸೇರಿ ಇನ್ನೂರರಷ್ಟು ಜನ. ಇವರ ಅನ್ನ ಹುಟ್ಟುವುದು ಸಂಗೀತದಿಂದಲ್ಲ. ಹಗಲಿಡೀ ಯಾರೋ ಹೊಲಿಗೆ ಹಾಕುತ್ತಾರೆ, ಯಾರೋ ಮಾರುಕಟ್ಟೆಯಲ್ಲಿ ಕೂತು ವ್ಯಾಪಾರ ಮಾಡುತ್ತಾರೆ, ಯಾರೋ ಕರೆಂಟಿನ ವೈರು ಜೋಡಿಸುತ್ತಾರೆ. ಸಂಜೆಯಾದರೆ ಗದ್ದಲದ ಆ ಮಹಾನಗರವನ್ನು ದಾಟಿಕೊಂಡು ತಾಲೀಮಿಗೆ ಬರುತ್ತಾರೆ. ವಾರದಲ್ಲಿ ಒಂದು ದಿನವಲ್ಲ, ಹೆಚ್ಚುಕಡಿಮೆ ದಿನಾಲೂ.

ಹೊರಗಿನವರು ಇವರ ಬಗ್ಗೆ ಬರೆದಾಗಲೆಲ್ಲ ‘ಪವಾಡ’ ಎಂಬ ಮಾತು ನುಸುಳಿಬಿಡುತ್ತದೆ. ಬಡತನದ ನಡುವೆ ಬೀಥೋವನ್, ಯುದ್ಧದ ನಡುವೆ ಮೊಜಾರ್ಟ್! ಆ ಬೆರಗು ನನಗೆ ಅರ್ಥವಾಗುತ್ತದೆ. ಆದರೆ ಪವಾಡ ಎಂದುಬಿಟ್ಟರೆ ಅಲ್ಲಿಗೆ ಮುಂದಿನ ಪ್ರಶ್ನೆಯೇ ನಿಂತುಹೋಗುತ್ತದೆ. ಸಂಬಳವಿಲ್ಲದೆ ಇಷ್ಟು ಜನ ದಿನವೂ ಏಕೆ ಬರುತ್ತಾರೆ? ಒಟ್ಟಿಗೆ ಕೂತು ಹಾಡುವುದು ಈ ತಂಡ ಹುಟ್ಟಿಬಂದ ಧಾರ್ಮಿಕ ಸಮುದಾಯಕ್ಕೆ ಮೂರು ತಲೆಮಾರಿನ ರೂಢಿ. ಆ ರೂಢಿ ಎಲ್ಲಿಂದ ಬಂತೆಂದು ತಿಳಿಯಲು 1921ಕ್ಕೆ ಹೋಗಬೇಕು.

ಕಾಂಗೋ ಆಗ ಬೆಲ್ಜಿಯಂನ ವಸಾಹತು. ಕೆಳ ಕಾಂಗೋ ಸೀಮೆಯ ನ್ಕಾಂಬಾ ಎಂಬ ಹಳ್ಳಿಯಲ್ಲಿ ಸೈಮನ್ ಕಿಂಬಾಂಗು ಎಂಬ ಕ್ರೈಸ್ತ ಬೋಧಕನಿದ್ದ. ಆ ವರ್ಷದ ಏಪ್ರಿಲ್‌ನಲ್ಲಿ ಅವನು ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಗುಣಪಡಿಸುತ್ತಾನೆಂಬ ಸುದ್ದಿ ಹಬ್ಬಿತು. ಜನ ತೋಟದ ಕೆಲಸ ಬಿಟ್ಟು ನ್ಕಾಂಬಾದ ದಾರಿ ಹಿಡಿದರು. ಕೂಲಿಯಾಳುಗಳು ಕೈತಪ್ಪುವುದನ್ನು ಕಂಡ ಆಡಳಿತ ಕಂಗಾಲಾಯಿತು. ಸೆಪ್ಟೆಂಬರ್‌ನಲ್ಲಿ ಬಂಧನ, ಸೇನಾ ನ್ಯಾಯಾಲಯದಲ್ಲಿ 120 ಛಡಿಯೇಟು ಮತ್ತು ಮರಣದಂಡನೆಯ ತೀರ್ಪು. ಬೆಲ್ಜಿಯಂನ ದೊರೆ ಒಂದನೆಯ ಆಲ್ಬರ್ಟ್ ಅದನ್ನು ಜೀವಾವಧಿಗೆ ಇಳಿಸಿದ. ಬೋಧನೆ ನಡೆದದ್ದು ಆರು ತಿಂಗಳೂ ಇಲ್ಲ, ಸೆರೆವಾಸ ಮೂವತ್ತು ವರ್ಷ. ಊರಿಂದ ಬಹುದೂರದ ಎಲಿಜಬೆತ್‌ವಿಲ್ ಜೈಲಿನಲ್ಲಿ 1951ರ ಅಕ್ಟೋಬರ್ 12ರಂದು ಕಿಂಬಾಂಗು ತೀರಿಕೊಂಡ.

ಅವನ ಹಿಂಬಾಲಕರ ಸಾವಿರಾರು ಕುಟುಂಬಗಳನ್ನು ಊರು ಬಿಡಿಸಿ ದೂರದ ಸೀಮೆಗಳಿಗೆ ಗಡೀಪಾರು ಮಾಡಲಾಯಿತು. ಉಳಿದವರನ್ನು ಕಿಂಬಾಂಗುವಿನ ಹೆಂಡತಿ ಮಾರಿ ಮುಇಲು ಗುಟ್ಟಾಗಿ ಒಗ್ಗೂಡಿಸಿಟ್ಟುಕೊಂಡಳು. ಗುಡಿಯಿಲ್ಲ, ಗುರುವಿಲ್ಲ, ಬಹಿರಂಗವಾಗಿ ಸೇರುವಂತಿಲ್ಲ. ಆದರೆ ಹಾಡಿಗೆ ಕಟ್ಟಡ ಬೇಡ, ಪುಸ್ತಕವೂ ಬೇಡ. ಈ ಪಂಥದ ಸ್ತೋತ್ರಗಳನ್ನು ಯಾರೂ ಕೂತು ರಚಿಸುವುದಿಲ್ಲ. ಕನಸಿನಲ್ಲೋ ಪ್ರಾರ್ಥನೆಯಲ್ಲೋ ಅವು ಯಾರಿಗಾದರೂ ‘ದೊರೆಯುತ್ತವೆ’ ಎಂಬುದು ಅವರ ನಂಬಿಕೆ. ಪದವನ್ನು ಕಟ್ಟಿದೆ ಎನ್ನದೆ ಪದ ಬಂತು ಎನ್ನುವ ನಮ್ಮ ತತ್ವಪದಕಾರರ ಪರಂಪರೆ ಬಲ್ಲವರಿಗೆ ಇದು ಅಪರಿಚಿತ ಭಾವವೇನಲ್ಲ. ಹಾಡು ದೊರೆತವನು ಹತ್ತಿರದವರಿಗೆ ಹೇಳಿಕೊಡಬೇಕು, ಅವರು ಇನ್ನೊಬ್ಬರಿಗೆ. ಕೊನೆಗೆ 1959ರ ಡಿಸೆಂಬರ್ 24ರಂದು, ಸ್ವಾತಂತ್ರ್ಯಕ್ಕೆ ಆರು ತಿಂಗಳಿರುವಾಗ, ಸರ್ಕಾರ ಈ ಚರ್ಚಿಗೆ ಮಾನ್ಯತೆ ಕೊಟ್ಟಿತು. ಹಿತ್ತಾಳೆ ವಾದ್ಯಗಳ ಬ್ಯಾಂಡು, ಕೊಳಲಿನ ತಂಡ, ಗಿಟಾರಿನ ತಂಡ, ಹಾಡುವ ತಂಡಗಳು ಸಭೆಸಭೆಗೂ ಹುಟ್ಟಿಕೊಂಡವು. ಸಿಂಫನಿ ಆರ್ಕೆಸ್ಟ್ರಾ ಮೊಳೆತದ್ದು ಈ ನೆಲದಲ್ಲಿ.

ಅದನ್ನು ಕಟ್ಟಿದ ಆರ್ಮಾಂಡ್ ಡಿಯಾಂಗಿಯೆಂಡಾ ಕಿಂಬಾಂಗುವಿನ ಮೊಮ್ಮಗ. ಚರ್ಚನ್ನು ದೀರ್ಘಕಾಲ ಮುನ್ನಡೆಸಿದ ಅವರ ತಂದೆ ಜೋಸೆಫ್ ಡಿಯಾಂಗಿಯೆಂಡಾ 1992ರಲ್ಲಿ ತೀರಿಕೊಂಡರು. ನಮ್ಮಲ್ಲೊಂದು ಸಿಂಫನಿ ಆರ್ಕೆಸ್ಟ್ರಾ ಇರಬೇಕು ಎಂಬುದು ತಂದೆಯ ಆಸೆಯಾಗಿತ್ತು. ಮಗ ವಿಮಾನದ ಪೈಲಟ್. ಆ ಕೆಲಸ ಹೋಗಿತ್ತು. ದೇಶವೂ ದಿವಾಳಿಯ ಅಂಚಿನಲ್ಲಿತ್ತು. ಸಂಬಳ ಸಿಗದ ಸೈನಿಕರು 1991ರಲ್ಲಿ, ಮತ್ತೆ 1993ರಲ್ಲಿ ಬೀದಿಗಿಳಿದು ಕಿನ್ಷಾಸಾವನ್ನು ಲೂಟಿ ಮಾಡಿದ್ದರು. ಅಂಥ ಹೊತ್ತಿನಲ್ಲಿ ಆರ್ಮಾಂಡ್ ತಮ್ಮ ಮನೆಯಂಗಳಕ್ಕೆ ಜನರನ್ನು ಕರೆದು ಕೂರಿಸಿದರು. ಅವರಿಗೆ ಸಂಗೀತ ಶಾಲೆಯ ಓದಿರಲಿಲ್ಲ. ಪಿಯಾನೊ, ಗಿಟಾರ್, ಚೆಲ್ಲೊ, ಟ್ರೊಂಬೋನ್‌ಗಳನ್ನು ತಾವೇ ಕಲಿತವರು. ಇದ್ದ ಕೆಲವೇ ಪಿಟೀಲುಗಳು ಸರದಿಯ ಮೇಲೆ ಕೈಯಿಂದ ಕೈಗೆ ಹೋದವು. ಸ್ವರಲಿಪಿಯ ಪುಟಗಳನ್ನು ಒಬ್ಬೊಬ್ಬರ ಪಾಲಿಗೂ ಕೈಯಲ್ಲಿ ನಕಲು ಮಾಡಬೇಕು. ಹಾಗೆ ಪ್ರತಿ ಸ್ವರವನ್ನೂ ಬರೆದುಕೊಂಡವನು ಅದನ್ನು ಸುಲಭಕ್ಕೆ ಮರೆಯಲಾರ.

ಡಬಲ್ ಬಾಸ್ ಆಳೆತ್ತರದ ವಾದ್ಯ. ಹೊರದೇಶದಿಂದ ತರಿಸುವಷ್ಟು ದುಡ್ಡು ಯಾರಲ್ಲಿತ್ತು? ಇದ್ದ ವಾದ್ಯವನ್ನು ಬಿಚ್ಚಿ, ಒಳಗಿನ ಜೋಡಣೆ ನೋಡಿ, ಅಳತೆ ತೆಗೆದು, ಸ್ಥಳೀಯ ಮರದಲ್ಲೇ ಹೊಸದನ್ನು ಕಟ್ಟಿದರು. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಕಥೆ ಕೇಳಿ ಬೆಳೆದ ನಮಗೆ ಈ ಸ್ವಭಾವ ಪರಿಚಿತ. ಮೈಕು ಇಲ್ಲದ ಸಭೆಯಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಅವರು ತಂತಿ ಹೆಚ್ಚಿಸಿದರು. ಕಿನ್ಷಾಸಾದವರು ವಾದ್ಯವನ್ನೇ ಹುಟ್ಟಿಸಿಕೊಂಡರು.

ಈಗ ಒಂಬತ್ತನೆಯ ಸಿಂಫನಿಗೆ ಬರೋಣ. ಇದು 1824ರ ಮೇ 7ರಂದು ವಿಯೆನ್ನಾದಲ್ಲಿ ಮೊದಲು ಕೇಳಿಬಂದ ಕೃತಿ. ಬರೆದವನಿಗೆ ಆಗ ಕಿವಿ ಕೇಳುತ್ತಿರಲಿಲ್ಲ. ಮೂರು ದೀರ್ಘ ಭಾಗಗಳು ಮುಗಿಯುವ ತನಕ ಗಾಯಕವೃಂದ ಬಾಯಿ ತೆರೆಯದೆ ಕಾಯುತ್ತದೆ. ನಾಲ್ಕನೆಯ ಭಾಗದಲ್ಲಿ ಷಿಲ್ಲರ್ ಕವಿಯ ಆನಂದದ ಹಾಡು ಬರುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಆ ಪ್ರಸಿದ್ಧ ಧಾಟಿ ಮೊದಲು ಕೇಳಿಸುವುದು ಕಂಠದಲ್ಲಲ್ಲ, ಪಿಟೀಲಿನಲ್ಲೂ ಅಲ್ಲ. ಚೆಲ್ಲೊ ಮತ್ತು ಡಬಲ್ ಬಾಸ್‌ಗಳು ಮಂದ್ರದಲ್ಲಿ, ಪಕ್ಕವಾದ್ಯದ ಆಸರೆಯೂ ಇಲ್ಲದೆ, ಪಿಸುಮಾತಿನಂತೆ ಅದನ್ನು ನುಡಿಯುತ್ತವೆ. ಆಮೇಲೆ ವಿಯೋಲಾ ಸೇರುತ್ತದೆ, ಆಮೇಲೆ ಪಿಟೀಲು, ಕೊನೆಗೆ ಕಹಳೆ. ಕಿನ್ಷಾಸಾದಲ್ಲಿ ಬೀಥೋವನ್‌ನ ಆನಂದ ಮೊದಲು ಬಾಯಿಬಿಡುವುದು ಈ ಬಾಸ್‌ಗಳ ಗುಂಪಿನಲ್ಲಿ ಎಂಬುದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಗಾಯಕರಿಗೆ ಇನ್ನೊಂದು ಕಷ್ಟ. ಮನೆಮಾತು ಲಿಂಗಾಲಾ ಅಥವಾ ಕಿಕಾಂಗೊ, ಶಾಲೆಯ ಮಾತು ಫ್ರೆಂಚ್, ಹಾಡಬೇಕಾದ್ದು ಜರ್ಮನ್. ತೆಲುಗು ಬಾರದೆಯೇ ತ್ಯಾಗರಾಜರ ಕೀರ್ತನೆಯನ್ನು ಅಕ್ಷರ ತಪ್ಪದಂತೆ ಕಲಿಯುವ ನಮ್ಮ ಮಕ್ಕಳ ಪಾಠದಂತೆಯೇ ಅವರ ಉಚ್ಚಾರಣೆಯ ಅಭ್ಯಾಸ ನಡೆಯುತ್ತದೆ. ನಮ್ಮ ಕಛೇರಿಯಲ್ಲಿ ಕಲಾವಿದನ ಮನೋಧರ್ಮವೇ ಮುಖ್ಯ. ಇಲ್ಲಿ ಎರಡನೆಯ ಪಿಟೀಲಿನವನ ಪಾಲಿನ ಸ್ವರಗಳನ್ನು ಮನೆಯಲ್ಲಿ ಒಂಟಿಯಾಗಿ ನುಡಿಸಿದರೆ ಹಾಡಾಗುವುದೇ ಇಲ್ಲ. ಪಕ್ಕದವರ ಜೊತೆ ಕೂತಾಗಲೇ ಅದಕ್ಕೆ ಅರ್ಥ. ಸಂಜೆ ನಗರ ದಾಟಿ ಬರುವುದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ಹೊರಜಗತ್ತು ಇವರನ್ನು ಚೆನ್ನಾಗಿ ಕಂಡದ್ದು 2010ರಲ್ಲಿ, ಕ್ಲೌಸ್ ವಿಶ್‌ಮನ್ ಮತ್ತು ಮಾರ್ಟಿನ್ ಬೇರ್ ನಿರ್ದೇಶಿಸಿದ ಜರ್ಮನ್ ಸಾಕ್ಷ್ಯಚಿತ್ರ ‘ಕಿನ್ಷಾಸಾ ಸಿಂಫನಿ’ಯ ಮೂಲಕ. ಮೂರು ವರ್ಷದ ಬಳಿಕ ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ಸೊಸೈಟಿ ತನ್ನ 200ನೆಯ ವರ್ಷದಲ್ಲಿ ಡಿಯಾಂಗಿಯೆಂಡಾ ಅವರಿಗೆ ಗೌರವ ಸದಸ್ಯತ್ವ ನೀಡಿತು. ಮೆಂಡೆಲ್‌ಸನ್, ಬ್ರಾಮ್ಸ್ ಅವರಿಗೆಲ್ಲ ಸಂದಿದ್ದ ಗೌರವ ಅದು. ಒಂಬತ್ತನೆಯ ಸಿಂಫನಿಗಾಗಿ 1822ರಲ್ಲಿ ಬೀಥೋವನ್‌ಗೆ 50 ಪೌಂಡ್ ಕೊಡಲು ಒಪ್ಪಿದ್ದೂ ಇದೇ ಸಂಸ್ಥೆ. 2014ರಲ್ಲಿ ತಂಡ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಸೌತ್‌ಬ್ಯಾಂಕ್ ಸೆಂಟರಿನಲ್ಲಿ ನುಡಿಸಿತು.

ಲಂಡನ್ನಿನ ಸಂಗೀತಕ್ಕೆ ನಮ್ಮ ಕಡೆಯ ನಂಟೂ ಉಂಟು. ಜಯಚಾಮರಾಜ ಒಡೆಯರು ಅಲ್ಲಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದದ್ದಕ್ಕೆ ಮೈಸೂರಿನ ಹಣದ ಬೆಂಬಲವಿತ್ತು. ಅದು ದೊಡ್ಡ ಕೆಲಸವೇ. ಆದರೆ ದೊರೆಯ ಒಲವು ಅರಮನೆಯ ಸುತ್ತ ಉಳಿಯಿತು. ಸಂಜೆ ಅಂಗಡಿ ಬಾಗಿಲೆಳೆದು ಬಂದು ಚೆಲ್ಲೊ ಹಿಡಿಯುವ ಬಳಗವೊಂದು ನಮ್ಮ ಊರುಗಳಲ್ಲಿ ಬೆಳೆಯಲಿಲ್ಲ. ಇದ್ದಿದ್ದರೆ ಎಂದು ನಾನು ಆಸೆಪಡುತ್ತೇನೆ.

ಕಿನ್ಷಾಸಾದ ತಂಡ ಎಷ್ಟನ್ನೋ ದಾಟಿ ಬಂದಿದೆ. 1997ರಲ್ಲಿ ಸರ್ವಾಧಿಕಾರಿ ಮೊಬುಟುವಿನ ಆಡಳಿತ ಕುಸಿಯಿತು. ಮರುವರ್ಷ ಯುದ್ಧ ಮತ್ತೆ ಹೊತ್ತಿಕೊಂಡು, ಇಂಗಾ ಜಲವಿದ್ಯುತ್ ಅಣೆಕಟ್ಟು ಬಂಡುಕೋರರ ಕೈಗೆ ಸಿಕ್ಕಿ ರಾಜಧಾನಿ ಕತ್ತಲಲ್ಲಿ ಮುಳುಗಿತು. ಶಾಂತಿಯ ದಿನಗಳಲ್ಲೂ ಅಲ್ಲಿ ಕರೆಂಟು ನಂಬುವಂತಿಲ್ಲ. ಸಾಕ್ಷ್ಯಚಿತ್ರದಲ್ಲಿಯೂ ಸಂಗೀತ ಒಂದೇ ಸಮನೆ ಏರುತ್ತಿರುವಾಗ ದೀಪಗಳು ಆರಿಹೋಗುತ್ತವೆ. ವಿಯೋಲಾ ನುಡಿಸುವವರಲ್ಲಿ ಒಬ್ಬರು ಕ್ಷೌರದ ಜೊತೆಗೆ ಕರೆಂಟಿನ ಕೆಲಸವನ್ನೂ ಬಲ್ಲವರು. ಅವರು ವಾದ್ಯವನ್ನು ಕೆಳಗಿಟ್ಟು, ಕತ್ತಲಲ್ಲಿ ಎದ್ದು, ವೈರು ನೋಡಲು ಹೋಗುತ್ತಾರೆ.