ಬೆಂಕಿ ತಾಗಿದ ಮರಕ್ಕೆ ಕೊಡಲಿ ಹಾಕುವ ಮುನ್ನ

ಶಿವರಾತ್ರಿ ಸಮೀಪಿಸುತ್ತಲೇ ಬಂಡೀಪುರ, ನಾಗರಹೊಳೆ ಮುಂತಾದ ಎಲೆಯುದುರುವ ಕಾಡುಗಳಲ್ಲಿ ಹುಲ್ಲೆಲ್ಲ ಒಣಗಿ ನಿಲ್ಲುತ್ತದೆ. ಆಗ ಒಂದು ಬೀಡಿಯ ತುಂಡು ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟದ್ದನ್ನು ನೀವು ಕೇಳಿರುತ್ತೀರಿ. ಕಾಡಂಚಿನ ಹೊಲಗಳ ಬದುವಿನಲ್ಲಿ ನಿಂತ ಮತ್ತಿ, ಹೊನ್ನೆ, ನೆಲ್ಲಿ ಮರಗಳಿಗೂ ಇಂಥ ಬೆಂಕಿ ತಾಗುವುದುಂಟು. ಬುಡ ಕರಿಕಾದುದನ್ನು ಕಂಡು, ಮರ ಸತ್ತಿತೆಂದು ಕಡಿಯಲು ಅವಸರಪಡಬೇಡಿ. ಕರಿಕಾದ ಮರವೆಲ್ಲ ಸತ್ತ ಮರವಲ್ಲ.

ತೊಗಟೆಯ ರಕ್ಷೆ

ಮರ ಬೆಳೆಯುವುದು ತೊಗಟೆಯ ಒಳಗೆ, ಕಟ್ಟಿಗೆಗೆ ಅಂಟಿಕೊಂಡಿರುವ ತೆಳುವಾದ ಪದರದಿಂದ. ಈ ಪದರ ಸುಮಾರು 60 ಡಿಗ್ರಿ ಸೆಂಟಿಗ್ರೇಡ್ ಕಾವಿಗೆ ಸಾಯುತ್ತದೆ. ಹುಲ್ಲಿನ ಬೆಂಕಿಯ ಕಾವು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೆ ಅದು ಒಂದೆಡೆ ನಿಲ್ಲುವುದಿಲ್ಲ. ಕರಿಮತ್ತಿಯ ತೊಗಟೆಯನ್ನು ನೋಡಿ: ಮೊಸಳೆಯ ಚರ್ಮದಂತೆ ದಪ್ಪನಾಗಿ ಬಿರುಕು ಬಿಟ್ಟಿರುತ್ತದೆ. ಕಾವು ಅದನ್ನು ದಾಟುವಷ್ಟರಲ್ಲಿ ಬೆಂಕಿ ಮುಂದೆ ಸಾಗಿರುತ್ತದೆ. ಬೇಸಿಗೆಯಲ್ಲಿ ಎಲೆಗಳು ಉದುರಿರುವುದರಿಂದ ಆ ನಷ್ಟವೂ ಹೆಚ್ಚಿಲ್ಲ.

ಬೇರಿನ ಉಗ್ರಾಣ

ಎಳೆಯ ಗಿಡಗಳಿಗೆ ದಪ್ಪ ತೊಗಟೆ ಇಲ್ಲವಾದ್ದರಿಂದ ನೆಲದ ಮೇಲಿನ ಭಾಗ ಸುಟ್ಟುಹೋಗುತ್ತದೆ. ಆದರೆ ಹುಲ್ಲಿನ ಬೆಂಕಿಯ ಕಾವು ಮಣ್ಣಿನಲ್ಲಿ ಆಳಕ್ಕೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಕೂಡಿಟ್ಟ ಪಿಷ್ಟ ಬೇರಿನಲ್ಲಿ ಭದ್ರವಾಗಿರುತ್ತದೆ. ಅದನ್ನೇ ಬಳಸಿ ಮುತ್ತುಗ, ತೇಗ, ಮತ್ತಿ ಬುಡದಿಂದ ಮತ್ತೆ ಚಿಗುರುತ್ತವೆ.

ಪ್ರತಿ ವರ್ಷ ಬೆಂಕಿ ಬಿದ್ದರೆ?

ಹಗೇವಿನಿಂದ ತೆಗೆಯುತ್ತಲೇ ಇದ್ದು ತುಂಬದಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತು. ಬೇರಿನ ಕಥೆಯೂ ಅದೇ. ವರ್ಷ ವರ್ಷವೂ ಸುಟ್ಟ ಗಿಡಕ್ಕೆ ತೊಗಟೆ ಬಲಿಯಲು ಕಾಲವೇ ಸಿಗುವುದಿಲ್ಲ. ಬಂಡೀಪುರಕ್ಕೆ ಹೊಂದಿಕೊಂಡ ತಮಿಳುನಾಡಿನ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಕಾಡನ್ನು ಆರಿಸಿ, ಮರಗಳಿಗೆ ನಂಬರು ಹಾಕಿ ಲೆಕ್ಕವಿಡಲು ಆರಂಭಿಸಿದರು. ಬೆಂಕಿಗೆ ಹೆಚ್ಚಾಗಿ ಬಲಿಯಾಗುವುದು ಸಣ್ಣ ಗಿಡಗಳೇ ಎಂಬುದು ಅಲ್ಲಿ ಕಂಡುಬಂದಿದೆ. ಬೆಂಕಿಯ ನಂತರ ಹೊಸ ಹುಲ್ಲು ಬರುವುದು ನಿಜ. ಆದರೆ ಅದಕ್ಕೆ ತೆರುವ ಬೆಲೆ ನಾಳೆಯ ಮರ. ಲಂಟಾನ ಹಬ್ಬಿದಲ್ಲಂತೂ ಜ್ವಾಲೆ ಮೇಲಕ್ಕೇರಿ ದೊಡ್ಡ ಮರಕ್ಕೂ ಅಪಾಯ.

ನೀವು ಮಾಡಬೇಕಾದದ್ದು

1. ಬೆಂಕಿ ತಾಗಿದ ಮರವನ್ನು ಒಂದು ಮಳೆಗಾಲದವರೆಗೆ ಬಿಡಿ. ಚಾಕುವಿನಿಂದ ತೊಗಟೆಯನ್ನು ಅಲ್ಲಲ್ಲಿ ಸ್ವಲ್ಪ ಕೆರೆದು ನೋಡಿ. ಒಳಪದರ ಹಸಿಯಾಗಿದ್ದರೆ ಜೀವವಿದೆ. ಕಂದಾಗಿ ಒಣಗಿದ್ದರೆ ಆ ಭಾಗ ಸತ್ತಿದೆ.

2. ಬುಡದಿಂದ ಹಲವು ಚಿಗುರು ಬಂದರೆ ನೇರವಾದ, ಬಲವಾದ ಒಂದನ್ನು ಉಳಿಸಿ. ಆಡು, ದನ ಮೇಯದಂತೆ ಮುಳ್ಳು ಕಟ್ಟಿ.

3. ಬೇಸಿಗೆಗೆ ಮುನ್ನ ಬದುವಿನ ಮರಗಳ ಬುಡದ ಒಣಹುಲ್ಲು, ತರಗು, ಲಂಟಾನ ತೆಗೆಯಿರಿ.

4. ಬದುವಿನ ಹುಲ್ಲಿಗೂ ಕೂಳೆಗೂ ಬೆಂಕಿ ಇಡಬೇಡಿ. ಹುಲ್ಲನ್ನು ಕೊಯ್ದು ದನಗಳಿಗೆ ಹಾಕಿ. ಉಳಿದದ್ದು ಗೊಬ್ಬರದ ಗುಂಡಿಗೆ ಸೇರಲಿ.

ಒಮ್ಮೆ ಬಿದ್ದ ಬೆಂಕಿಯನ್ನು ಮರ ತಾಳಿಕೊಳ್ಳುತ್ತದೆ. ಮುಂದಿನ ವರ್ಷ ಮತ್ತೆ ಬೀಳದಂತೆ ನೋಡಿಕೊಳ್ಳುವ ಕೆಲಸ ನಮ್ಮದು.