ಸೀಟು ಸಿಕ್ಕಿತೇ? ಸಂದೇಶವನ್ನು ಪೂರ್ತಿ ಓದಿ, ಆಮೇಲೆ ಸಿಹಿ ಹಂಚಿ

ನೀಟ್ ಫಲಿತಾಂಶ ಬಂದ ಮೇಲೆ ಡಾಕ್ಟರಾಗಬೇಕೆಂಬ ಮಕ್ಕಳಿರುವ ಮನೆಗಳಲ್ಲಿ ಮೊಬೈಲ್ ಸದ್ದು ಮಾಡಿದರೆ ಸಾಕು, ಎಲ್ಲರೂ ಓಡಿ ಬರುತ್ತಾರೆ. ಚನ್ನಗಿರಿಯ ಅಡಿಕೆ ತೋಟದ ಮನೆಯಿರಲಿ, ಹೊನ್ನಾಳಿಯ ಹೊಳೆದಂಡೆಯ ಮನೆಯಿರಲಿ, ನ್ಯಾಮತಿಯ ಪೇಟೆಯಿರಲಿ, ಮಳೆಗಾಗಿ ಮುಗಿಲು ನೋಡುವ ಜಗಳೂರಿನ ಹಳ್ಳಿಯಿರಲಿ, ಎಲ್ಲೆಡೆಯೂ ಅದೇ ಕಾತರ. ಬರುವ ಸಂದೇಶ ಒಂದೆರಡು ಸಾಲಿನದ್ದು. ಆದರೆ ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡರೆ ವರ್ಷಗಳ ಓದಿನ ಫಲವೇ ಕೈತಪ್ಪಬಹುದು.

ಅಜ್ಜ ಅಜ್ಜಿಯರ ಕಾಲದಲ್ಲಿ ಇಂಥ ಸುದ್ದಿ ಅಂಚೆಯಣ್ಣನ ಕೈಯಲ್ಲಿ ಬರುತ್ತಿತ್ತು. ಆಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕು ಆದದ್ದು ಈಚೆಗೆ. ಆದರೆ ಮೆಡಿಕಲ್ ಕಾಲೇಜಿನ ಕನಸು ಹಳೆಯದು. ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ. ಈಗ ಅದೇ ಊರಿನಲ್ಲಿ ಎಸ್‌ಎಸ್ ವೈದ್ಯಕೀಯ ಕಾಲೇಜೂ ಇದೆ. ಶಿವಮೊಗ್ಗ ಮತ್ತು ಚಿತ್ರದುರ್ಗದಲ್ಲಿ ಸರ್ಕಾರಿ ಕಾಲೇಜುಗಳಿವೆ. ಕಾಲೇಜು ಹತ್ತಿರ ಬಂತು, ಪತ್ರದ ಬದಲು ಸಂದೇಶ ಬಂತು. ಆದರೆ ಸಂದೇಶದ ಭಾಷೆ ಮಾತ್ರ ಕಗ್ಗಂಟಾಗಿದೆ. ಬನ್ನಿ, ಒಂದೊಂದೇ ಗಂಟು ಬಿಚ್ಚೋಣ.

ಸೀಟು ಕೊಡುವವರು ಯಾರು?

ಮೊದಲು ತಿಳಿಯಬೇಕಾದದ್ದು ಇದು: ನಮ್ಮ ದೇಶದಲ್ಲಿ ಎಂಬಿಬಿಎಸ್ ಸೀಟನ್ನು ಕಾಲೇಜು ತನಗೆ ಬೇಕಾದವರಿಗೆ ಕೊಡುವ ಹಾಗಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಮೆಡಿಕಲ್ ಕಾಲೇಜೂ ಅರ್ಜಿಯನ್ನು ಓದುತ್ತದೆ, ಸಂದರ್ಶನಕ್ಕೆ ಕರೆಯುತ್ತದೆ, ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಕಾಯುವ ಪಟ್ಟಿಯ ವಿಚಾರವನ್ನೋ ಬರೆದು ತಿಳಿಸುತ್ತದೆ. ಅಲ್ಲಿನ ಮಕ್ಕಳು ಪತ್ರದ ಒಂದೊಂದು ಪದದಲ್ಲೂ ಸುಳಿವು ಹುಡುಕುತ್ತಾರೆ.

ನಮ್ಮಲ್ಲಿ ಸುಳಿವು ಹುಡುಕುವ ಅಗತ್ಯವೇ ಇಲ್ಲ. ಸೀಟು ನಿರ್ಧಾರವಾಗುವುದು ಮೂರರಿಂದ: ನೀಟ್ ರ‍್ಯಾಂಕ್, ಮೀಸಲಾತಿ ವರ್ಗ, ವಿದ್ಯಾರ್ಥಿ ತಾನೇ ಬರೆದ ಆಯ್ಕೆಗಳ ಪಟ್ಟಿ. ಉಳಿದದ್ದು ಕಂಪ್ಯೂಟರ್ ಲೆಕ್ಕ.

ಈ ಲೆಕ್ಕಕ್ಕೆ ಎರಡು ಬಾಗಿಲುಗಳಿವೆ. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅದನ್ನು ಹಂಚುವುದು ದೆಹಲಿಯ ಎಂಸಿಸಿ, ಅಂದರೆ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ. ಸರ್ಕಾರಿ ಕಾಲೇಜುಗಳ ಉಳಿದ ಶೇ 85 ಸೀಟುಗಳನ್ನೂ ರಾಜ್ಯದ ಖಾಸಗಿ ಕಾಲೇಜುಗಳ ಸೀಟುಗಳನ್ನೂ ಹಂಚುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಎರಡು ಕಡೆಯೂ ಬೇರೆ ಬೇರೆಯಾಗಿ ಹೆಸರು ನೋಂದಾಯಿಸಬೇಕು. ಒಂದರ ಸಂದೇಶ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಈ ವ್ಯವಸ್ಥೆ ಸುಮ್ಮನೆ ಬಂದದ್ದಲ್ಲ. ಹಿಂದೆ ಕ್ಯಾಪಿಟೇಷನ್ ಎಂಬ ಹೆಸರಿನಲ್ಲಿ ಸೀಟುಗಳು ದುಡ್ಡಿಗೆ ಹೋಗುತ್ತಿದ್ದವು. ಅದನ್ನು ತಡೆಯಲು ಕರ್ನಾಟಕ 1984ರಲ್ಲೇ ಕಾನೂನು ಮಾಡಿತು. 1992ರಲ್ಲಿ, ಕರ್ನಾಟಕದ ಮೆಡಿಕಲ್ ಸೀಟೊಂದರ ಪ್ರಕರಣದಲ್ಲೇ, ಸುಪ್ರೀಂ ಕೋರ್ಟ್ ಕ್ಯಾಪಿಟೇಷನ್ ಶುಲ್ಕವನ್ನು ತಳ್ಳಿಹಾಕಿತು. 1994ರಲ್ಲಿ ರಾಜ್ಯದಲ್ಲಿ ಸಿಇಟಿ ಶುರುವಾಯಿತು. ಹಳ್ಳಿಯ ಮಗುವೂ ಪೇಟೆಯ ಮಗುವೂ ಒಂದೇ ಸಾಲಿನಲ್ಲಿ ನಿಲ್ಲುವಂತಾದದ್ದು ಹೀಗೆ. ಈಗ ವೈದ್ಯಕೀಯಕ್ಕೆ ಸಿಇಟಿಯ ಬದಲು ದೇಶಕ್ಕೆಲ್ಲ ಒಂದೇ ನೀಟ್ ಇದೆ.

‘ಅರ್ಹ’ ಎಂದರೆ ಸೀಟಲ್ಲ

ನೀಟ್ ಒಟ್ಟು 720 ಅಂಕಗಳ ಪರೀಕ್ಷೆ. ಫಲಿತಾಂಶದ ಹಾಳೆಯಲ್ಲಿ ಅಂಕ, ರ‍್ಯಾಂಕ್ ಮತ್ತು ಪರ್ಸೆಂಟೈಲ್ ಇರುತ್ತವೆ. ಪರ್ಸೆಂಟೈಲ್ ಎಂದರೆ ಪರ್ಸೆಂಟ್ ಅಲ್ಲ, ಮಕ್ಕಳೇ. ನಿಮ್ಮ ಶಾಲೆಯಲ್ಲಿ ನೂರು ಮಂದಿಯನ್ನು ಅಂಕಗಳ ಪ್ರಕಾರ ಸಾಲಾಗಿ ನಿಲ್ಲಿಸಿದರು ಎಂದುಕೊಳ್ಳಿ. ನಿಮ್ಮ ಹಿಂದೆ ಐವತ್ತು ಮಂದಿ ಇದ್ದರೆ ನಿಮ್ಮದು 50 ಪರ್ಸೆಂಟೈಲ್. ನೂರಕ್ಕೆ ಐವತ್ತು ಅಂಕ ಬಂದಿರಬೇಕೆಂದೇನೂ ಇಲ್ಲ.

ಸಾಮಾನ್ಯ ವರ್ಗಕ್ಕೆ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ 40 ಪರ್ಸೆಂಟೈಲ್ ದಾಟಿದರೆ ‘ಅರ್ಹ’ ಎಂದು ಬರುತ್ತದೆ. ಈ ಪದ ನೋಡಿದ ಕೂಡಲೇ ಊರಿಗೆಲ್ಲ ಫೋನ್ ಮಾಡುವವರಿದ್ದಾರೆ. ಆದರೆ 2024ರ ಲೆಕ್ಕ ನೋಡಿ. ಸುಮಾರು 23 ಲಕ್ಷ ಮಂದಿ ಪರೀಕ್ಷೆ ಬರೆದರು. 13 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅರ್ಹತೆ ಎಂದರೆ ಜಾತ್ರೆಗೆ ಹೋಗುವ ಬಸ್‌ಸ್ಟ್ಯಾಂಡಿಗೆ ಬಂದು ನಿಂತಂತೆ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತೆಂದು ಅರ್ಥವಲ್ಲ.

ಅಣಕು ಹಂಚಿಕೆ: ಕೂಸು ಹುಟ್ಟುವ ಮುಂಚೆ ಕುಲಾವಿ

ಕೆಇಎಯಿಂದ ಬರುವ ಸುದ್ದಿಗಳಲ್ಲಿ ಹೆಚ್ಚು ಗಲಿಬಿಲಿ ಮಾಡುವುದು ‘ಅಣಕು ಸೀಟು ಹಂಚಿಕೆ’. ಹೊನ್ನಾಳಿಯ ಒಬ್ಬ ಹುಡುಗನಿಗೆ ಇದರಲ್ಲಿ ಶಿವಮೊಗ್ಗದ ಸರ್ಕಾರಿ ಕಾಲೇಜು ಬಂತು ಎಂದುಕೊಳ್ಳಿ. ಮನೆಯಲ್ಲಿ ಪೇಡ ಹಂಚಿದರು. ನಿಜವಾದ ಸುತ್ತಿನಲ್ಲಿ ಆ ಸೀಟು ಬರಲಿಲ್ಲ. ‘ಯಾರೋ ಕಿತ್ತುಕೊಂಡರು’ ಎಂದು ಎಲ್ಲರೂ ನೊಂದುಕೊಂಡರು.

ಯಾರೂ ಕಿತ್ತುಕೊಂಡಿಲ್ಲ. ಅಣಕು ಎಂದರೆ ನಾಟಕದ ತಾಲೀಮು ಇದ್ದ ಹಾಗೆ. ಈಗಿರುವ ಆಯ್ಕೆಗಳ ಪ್ರಕಾರ ಹಂಚಿದರೆ ಏನಾಗಬಹುದು ಎಂದು ತೋರಿಸುತ್ತಾರೆ, ಅಷ್ಟೆ. ಅದನ್ನು ನೋಡಿ ಎಲ್ಲ ವಿದ್ಯಾರ್ಥಿಗಳೂ ತಮ್ಮ ಪಟ್ಟಿಯನ್ನು ಮೇಲೆ ಕೆಳಗೆ ಮಾಡುತ್ತಾರೆ. ಹೆಚ್ಚು ರ‍್ಯಾಂಕಿನವನೊಬ್ಬ ಶಿವಮೊಗ್ಗವನ್ನು ಮೇಲಕ್ಕೆ ತಂದರೆ ನಮ್ಮ ಹುಡುಗನ ಲೆಕ್ಕ ಬದಲಾಗುತ್ತದೆ. ಅಣಕು ಫಲಿತಾಂಶ ಬಂದಾಗ ಮಾಡಬೇಕಾದ ಕೆಲಸ ಒಂದೇ: ಕೊಟ್ಟ ಗಡುವಿನೊಳಗೆ ಪಟ್ಟಿಯನ್ನು ಮತ್ತೆ ನೋಡುವುದು.

ಪಟ್ಟಿ ಬರೆಯುವಾಗ ತುಂಬ ಬೇಕಾದದ್ದನ್ನೇ ಮೊದಲು ಬರೆಯಿರಿ. ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ, ಸಿಗುವ ಮೊದಲನೆಯದನ್ನು ಕೊಡುತ್ತದೆ. ಸಿಗುವುದು ಕಷ್ಟವಾದ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಮೇಲೆ ಬರೆದರೆ ಮಾತ್ರ ನಷ್ಟ.

ಕಾಲೇಜಿನ ಹೆಸರಿನ ಪಕ್ಕದ ಅಕ್ಷರಗಳು

ನಿಜವಾದ ಹಂಚಿಕೆಯಲ್ಲಿ ಕಾಲೇಜಿನ ಹೆಸರಿನ ಜೊತೆ 2ಎಆರ್, ಜಿಎಂಕೆ, ಎಸ್‌ಸಿಜಿ ಎಂಬಂಥ ಗುರುತುಗಳಿರುತ್ತವೆ. ಮೊದಲ ಭಾಗ ವರ್ಗವನ್ನು ಹೇಳುತ್ತದೆ. ಕೊನೆಯ ‘ಆರ್’ ಎಂದರೆ ಗ್ರಾಮೀಣ ಮೀಸಲು, ‘ಕೆ’ ಎಂದರೆ ಕನ್ನಡ ಮಾಧ್ಯಮ, ‘ಜಿ’ ಎಂದರೆ ಆ ವರ್ಗದ ಸಾಮಾನ್ಯ ಸೀಟು.

ಗ್ರಾಮೀಣ ಮೀಸಲು ಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೂ ಹಳ್ಳಿಯಲ್ಲೇ ಓದಿರಬೇಕು. ಚನ್ನಗಿರಿ ತಾಲ್ಲೂಕಿನ ಹಳ್ಳಿಯ ಹುಡುಗಿಯೊಬ್ಬಳು ಹೈಸ್ಕೂಲನ್ನು ಪಟ್ಟಣದ ಶಾಲೆಯಲ್ಲಿ ಓದಿದ್ದರೆ ಅವಳಿಗೆ ಅದು ಸಿಗದು. ಕನ್ನಡ ಮಾಧ್ಯಮದ ಮೀಸಲಿಗೂ ಹತ್ತು ವರ್ಷ ಕನ್ನಡದಲ್ಲೇ ಓದಿರಬೇಕು. ಮನೆಮಾತು ಕನ್ನಡವೆಂದರೆ ಸಾಲದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಪಡೆಯಬೇಕು. ಅವುಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಸರಿಯಾಗಿ ತುಂಬಬೇಕು. ದಾಖಲೆ ಪರಿಶೀಲನೆಯ ನಂತರ ಬರುವ ಚೀಟಿಯಲ್ಲಿ ಈ ಮೀಸಲುಗಳೆಲ್ಲ ನಮೂದಾಗಿವೆಯೇ ಎಂದು ಅಂದೇ ನೋಡಿ. ಅಲ್ಲಿ ಬಿಟ್ಟುಹೋದದ್ದು ಸೀಟು ಹಂಚುವಾಗ ತಾನಾಗಿ ಬರುವುದಿಲ್ಲ.

ಇನ್ನೊಂದು ಮಾತು. ಖಾಸಗಿ ಕಾಲೇಜಿನಲ್ಲೂ ಒಂದು ಭಾಗ ಸರ್ಕಾರಿ ಕೋಟಾದ ಸೀಟುಗಳಿರುತ್ತವೆ. ಜಗಳೂರಿನ ಇಬ್ಬರು ಗೆಳತಿಯರಿಗೆ ಒಂದೇ ಕಾಲೇಜು ಬಂದರೂ, ಒಬ್ಬಳದು ಸರ್ಕಾರಿ ಕೋಟಾ, ಇನ್ನೊಬ್ಬಳದು ಖಾಸಗಿ ಕೋಟಾ ಆಗಿರಬಹುದು. ವರ್ಷದ ಶುಲ್ಕದಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ. ಆದ್ದರಿಂದ ಕಾಲೇಜಿನ ಹೆಸರು ನೋಡಿ ಹಿಗ್ಗುವ ಮೊದಲು ಪಕ್ಕದ ಅಕ್ಷರವನ್ನೂ ಶುಲ್ಕವನ್ನೂ ನೋಡಿ.

ಒಂದು, ಎರಡು, ಮೂರು, ನಾಲ್ಕು

ಸೀಟು ಬಂದ ಮೇಲೆ ಸುಮ್ಮನೆ ಕೂರುವಂತಿಲ್ಲ. ನಿಮ್ಮ ಉತ್ತರವೇನೆಂದು ಕೆಇಎ ಕೇಳುತ್ತದೆ. ಸಾಮಾನ್ಯವಾಗಿ ‘ಛಾಯ್ಸ್’ಗಳು ಹೀಗಿರುತ್ತವೆ.

ಛಾಯ್ಸ್ ಒಂದು: ಈ ಸೀಟು ಒಪ್ಪಿಗೆ. ಶುಲ್ಕ ಕಟ್ಟಿ ಕಾಲೇಜು ಸೇರುತ್ತೇನೆ.

ಛಾಯ್ಸ್ ಎರಡು: ಈ ಸೀಟು ಇರಲಿ, ಆದರೆ ನನ್ನ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಅದು ಬೇಕು.

ಛಾಯ್ಸ್ ಮೂರು: ಈ ಸೀಟು ಬೇಡ, ಆದರೆ ಮುಂದಿನ ಸುತ್ತಿಗೆ ಬರುತ್ತೇನೆ.

ಛಾಯ್ಸ್ ನಾಲ್ಕು: ಈ ಸೀಟೂ ಬೇಡ, ಮುಂದಿನ ಸುತ್ತೂ ಬೇಡ.

ನ್ಯಾಮತಿಯ ಹುಡುಗಿಯೊಬ್ಬಳು ಛಾಯ್ಸ್ ಎರಡು ಒತ್ತಿದಳು ಎಂದುಕೊಳ್ಳಿ. ಮುಂದಿನ ಸುತ್ತಿನಲ್ಲಿ ಮೇಲಿನ ಸೀಟು ಬಂತು. ಆ ಕ್ಷಣವೇ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ. ‘ಹೊಸದು ದೂರವಾಯಿತು, ಹಳೆಯದೇ ಇರಲಿ’ ಎಂದರೆ ಆಗದು. ಎರಡು ದೋಣಿಯಲ್ಲಿ ಕಾಲಿಡಲು ಇಲ್ಲಿ ಅವಕಾಶವಿಲ್ಲ. ಆದ್ದರಿಂದ ಛಾಯ್ಸ್ ಎರಡು ಒತ್ತುವ ಮೊದಲು, ಮೇಲಿರುವ ಪ್ರತಿ ಕಾಲೇಜಿಗೂ ನಿಜವಾಗಿ ಹೋಗುತ್ತೇವೆಯೇ ಎಂದು ಮನೆಯವರೆಲ್ಲ ಕೂತು ಮಾತಾಡಬೇಕು. ಯಾವ ಛಾಯ್ಸನ್ನೂ ಒತ್ತದೆ ಬಿಟ್ಟರೆ ಬಂದ ಸೀಟೂ ಕೈತಪ್ಪಬಹುದು. ಕೊನೆಯ ಸುತ್ತುಗಳಲ್ಲಿ ನಿಯಮ ಇನ್ನೂ ಬಿಗಿ. ಎಂಸಿಸಿಯಲ್ಲಿ ಮೊದಲ ಸುತ್ತಿನ ಸೀಟು ಬಿಟ್ಟರೆ ದಂಡವಿಲ್ಲ, ಎರಡನೆಯದರಿಂದ ಮುಂದೆ ಠೇವಣಿ ಹೋಗುತ್ತದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅಕ್ಕನ ಕಾಲದ್ದನ್ನು ತಂಗಿಗೆ ಹೇಳಬೇಡಿ. ಆ ವರ್ಷದ ಪ್ರಕಟಣೆಯನ್ನೇ ಓದಿ.

‘ಸೀಟು ಹಂಚಿಕೆಯಾಗಿಲ್ಲ’ ಎಂದು ಬಂದರೂ ಎದೆಗುಂದಬೇಡಿ. ಅದು ‘ಈ ಸುತ್ತಿನಲ್ಲಿ ಇಲ್ಲ’ ಎಂಬ ಮಾತು. ಮೇಲಿನವರು ಬಿಟ್ಟ ಸೀಟುಗಳು ಮುಂದಿನ ಸುತ್ತಿಗೆ ಇಳಿದು ಬರುತ್ತವೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಇದೇ ಹೊತ್ತಿಗೆ ಬೇರೆ ಥರದ ಫೋನುಗಳೂ ಬರುತ್ತವೆ. ‘ಅಭಿನಂದನೆಗಳು! ನಿಮ್ಮ ಮೊಮ್ಮಗಳಿಗೆ ಸೀಟು ಕಾಯ್ದಿರಿಸಿದ್ದೇವೆ. ಇವತ್ತೇ ಮುಂಗಡ ಕಳಿಸಿ.’ ಸೀಟನ್ನು ಕಂಪ್ಯೂಟರ್ ಲೆಕ್ಕ ಹಂಚುತ್ತದೆ ಎಂದು ತಿಳಿದವರಿಗೆ ಈ ಮಾತಿನ ಬೆಲೆ ತಾನೇ ಗೊತ್ತಾಗುತ್ತದೆ. ಖಾಸಗಿ ಕೋಟಾದ ಸೀಟು ಕೂಡ ಕೌನ್ಸೆಲಿಂಗ್ ಮೂಲಕವೇ ಹಂಚಿಕೆಯಾಗಬೇಕು. ಫೋನಿನಲ್ಲಿ ಮಾತಾಡುವ ಯಾರ ಕೈಯಲ್ಲೂ ಸೀಟಿರುವುದಿಲ್ಲ.

ಸಂದೇಶದಲ್ಲಿರುವ ಕೊಂಡಿಯನ್ನು ಒತ್ತಬೇಡಿ. ಕೆಇಎ ಅಥವಾ ಎಂಸಿಸಿಯ ಜಾಲತಾಣವನ್ನು ನೀವೇ ತೆರೆದು, ಮಗುವಿನ ಲಾಗಿನ್‌ನಲ್ಲಿ ಅದೇ ಸುದ್ದಿ ಇದೆಯೇ ನೋಡಿ. ಅಲ್ಲಿ ಇಲ್ಲದ್ದು ಎಲ್ಲೂ ಇಲ್ಲ. ಪಾಸ್‌ವರ್ಡನ್ನೂ ಒಟಿಪಿಯನ್ನೂ ಯಾರಿಗೂ ಹೇಳಬೇಡಿ. ಬೇರೆಯವರು ನಿಮ್ಮ ಹೆಸರಿನಲ್ಲಿ ಛಾಯ್ಸ್ ಒತ್ತಿಬಿಟ್ಟರೆ ಸೀಟೇ ಹೋದೀತು. ಹಣ ಕಳೆದುಕೊಂಡಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಅಜ್ಜ ಅಜ್ಜಿಗೊಂದು ಕೆಲಸ

‘ನಮಗೆ ಕಂಪ್ಯೂಟರ್ ಬರುವುದಿಲ್ಲ’ ಎಂದು ಹಿರಿಯರು ದೂರ ಸರಿಯಬೇಕಿಲ್ಲ. ಪಹಣಿಯಲ್ಲಿ ಒಂದು ಗುಂಟೆ ಹೆಚ್ಚುಕಡಿಮೆಯಾದರೂ ಕಂಡುಹಿಡಿಯುವವರು ನೀವು. ತೂಕವಾಗಿ, ರಸೀದಿ ಕೈಗೆ ಬರುವವರೆಗೆ ಅಡಿಕೆಯ ದುಡ್ಡನ್ನು ಲೆಕ್ಕಕ್ಕೆ ಹಿಡಿಯದವರು ನೀವು. ಇಲ್ಲಿ ಬೇಕಾದದ್ದೂ ಅದೇ ಎಚ್ಚರ.

ಸಂದೇಶ ಬಂದಾಗ ಮೊಮ್ಮಗಳಿಗೆ ಗಟ್ಟಿಯಾಗಿ ಓದಲು ಹೇಳಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿ. ಆಮೇಲೆ ಮೂರು ಪ್ರಶ್ನೆ ಕೇಳಿ: ಇದನ್ನು ಕಳಿಸಿದವರು ಯಾರು? ನಾವು ಏನು ಮಾಡಬೇಕು ಅನ್ನುತ್ತಾರೆ? ಯಾವ ದಿನ, ಎಷ್ಟು ಗಂಟೆಯೊಳಗೆ? ಉತ್ತರಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ನಂಬುವಂತಿಲ್ಲ. ಗಡುವು ಸಂಜೆಯವರೆಗಿದ್ದರೂ ಬೆಳಿಗ್ಗೆಯೇ ಕೆಲಸ ಮುಗಿಸಿ, ರಸೀದಿಯನ್ನು ಮುದ್ರಿಸಿಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಸೀಟು ಸಿಗದಿರಬಹುದು. ಆಗ ಮಗುವಿಗೆ ತಿಳಿಯಬೇಕಾದ ಮಾತೊಂದಿದೆ. ‘ಹಂಚಿಕೆಯಾಗಿಲ್ಲ’ ಎಂದು ಬರೆದದ್ದು ಮನುಷ್ಯರಲ್ಲ, ಕಂಪ್ಯೂಟರ್. ಅದಕ್ಕೆ ನಮ್ಮ ಮಗು ಯಾರೆಂದೇ ಗೊತ್ತಿಲ್ಲ. ಆ ಸಾಲು ಒಂದು ವರ್ಷದ ಸೀಟಿನ ಲೆಕ್ಕವನ್ನು ಹೇಳುತ್ತದೆಯೇ ಹೊರತು ಮಗುವಿನ ಬೆಲೆಯನ್ನಲ್ಲ. ಈ ಮಾತನ್ನು ಅಪ್ಪ ಅಮ್ಮನಿಗಿಂತ ಮೊದಲು ಅಜ್ಜಿಯೇ ಹೇಳಿದರೆ, ಆ ರಾತ್ರಿ ಮಗು ಊಟ ಮಾಡಿ ಮಲಗುತ್ತದೆ.